ಮಣ್ಣುಪಟ್ಟಿಗೊಂದು ರಿಜಿಸ್ಟರು



ನೆಲದಿಂದ ಮೂರು ನಾಲ್ಕು ಅಡಿ ಕೆಳಗಿನ ಮಣ್ಣನ್ನು ಅಗೆದು, ಕಲ್ಲು ಬೇರು ಆಯ್ದು, ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಮಡಚಿ ಹೊಟ್ಟೆಯ ಮೇಲಿಟ್ಟರೆ ಅದು ಮಣ್ಣುಪಟ್ಟಿ. ಹೆಚ್ಚೆಂದರೆ ಅರ್ಧ ಗಂಟೆ. ಇದಕ್ಕೂ ಸರ್ಕಾರದ ಮೊಹರು ಬೇಕೇ ಎಂದು ಕೇಳುವವರಿದ್ದಾರೆ. ಗಾಂಧೀಜಿ ಪ್ರಕೃತಿ ಚಿಕಿತ್ಸಕ ಅಡಾಲ್ಫ್ ಜುಸ್ಟ್‌ನ ಪುಸ್ತಕ ಓದಿ ತಮ್ಮ ಹೊಟ್ಟೆಗೆ ತಾವೇ ಮಣ್ಣು ಕಟ್ಟಿಕೊಂಡರು, ಯಾರ ಅಪ್ಪಣೆಗೂ ಕಾಯಲಿಲ್ಲ. 1946ರಲ್ಲಿ ಪುಣೆಯ ಹತ್ತಿರ ಉರುಳಿ ಕಾಂಚನದಲ್ಲಿ ಹಳ್ಳಿಯ ಬಡವರಿಗಾಗಿ ನಿಸರ್ಗೋಪಚಾರ, ಅಂದರೆ ಪ್ರಕೃತಿ ಚಿಕಿತ್ಸೆ, ಶುರು ಮಾಡಿದರು. ಮನುಷ್ಯ ತನಗೆ ತಾನೇ ವೈದ್ಯನಾಗಲಿ ಎಂಬ ಆಸೆಯಿಂದ ಬೆಳೆದ ಪದ್ಧತಿಗೆ ಈಗ ವೈದ್ಯರ ರಿಜಿಸ್ಟರು ಬೇಕಾಗಿದೆ. ಬೇಕು ಎನ್ನುವವರಲ್ಲಿ ನಾನೂ ಒಬ್ಬ.

ಕಾರಣ ನನ್ನ ಸೋದರಮಾವ. ಸಕ್ಕರೆ ಕಾಯಿಲೆಯವರು. ಹೆಸರು ಬೇಡ, ಒಂದು ಪ್ರಕೃತಿ ಚಿಕಿತ್ಸಾ ಕೇಂದ್ರಕ್ಕೆ ಸೇರಿದರು. ಅಲ್ಲಿನ ‘ಡಾಕ್ಟರು’ ನಾಲಗೆ ನೋಡಿದರು, ಹೊಟ್ಟೆ ಒತ್ತಿದರು, ನಿಂಬೆ ಜೇನಿನ ನೀರಿನ ಮೇಲೆ ಮೂರು ದಿನ ಉಪವಾಸ ಹಾಕಿದರು. ಯಾವ ಮಾತ್ರೆ ನುಂಗುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಮಾವ ಶಿಸ್ತಿನ ಮನುಷ್ಯ. ಊಟ ಬಿಟ್ಟರೂ ಮಾತ್ರೆ ಬಿಡಲಿಲ್ಲ. ಎರಡನೆಯ ರಾತ್ರಿ ನಾಲ್ಕು ಗಂಟೆಗೆ ಮೈಯೆಲ್ಲ ಬೆವೆತು ಕೈ ನಡುಗಿ ಮಾತು ತೊದಲಿತು. ಪಕ್ಕದ ಮಂಚದವರು ಚೀಲದಲ್ಲಿ ಬಚ್ಚಿಟ್ಟಿದ್ದ ಸಕ್ಕರೆಯನ್ನು ಬಾಯಿಗೆ ಹಾಕಿದ್ದರಿಂದ ಬದುಕಿದರು. (ಬಚ್ಚಿಟ್ಟ ಸಕ್ಕರೆ ಅಲ್ಲಿ ನಿಯಮಬಾಹಿರ, ಅದು ಬೇರೆ ಮಾತು.) ಆಮೇಲೆ ತಿಳಿಯಿತು, ಡಾಕ್ಟರ ಓದು ಹತ್ತು ದಿನದ ಶಿಬಿರ.

ಮಣ್ಣು ಯಾರನ್ನೂ ಕೊಲ್ಲುವುದಿಲ್ಲ, ಕೇಳದೆ ಬಿಟ್ಟ ಪ್ರಶ್ನೆ ಕೊಲ್ಲಬಹುದು. ಆ ಪ್ರಶ್ನೆ ಕೇಳುವುದನ್ನು ಕಲಿಸುವ, ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಕೋರ್ಸು ನಮ್ಮಲ್ಲೇ ಇದೆ. ಬಿಎನ್‌ವೈಎಸ್: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಷಿಪ್. ಅಂಗರಚನೆ, ಶರೀರಕ್ರಿಯೆ, ರೋಗಲಕ್ಷಣ ಶಾಸ್ತ್ರ ಎಲ್ಲವನ್ನೂ ಓದಬೇಕು. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಇಂಥ ವೈದ್ಯರನ್ನು ತಯಾರು ಮಾಡುತ್ತಿದೆ. ರಾಜ್ಯದಲ್ಲಿ ಕಾನೂನೂ ಇದೆ, 1961ರದು. ಅದರ ಹೆಸರನ್ನು ಒಂದೇ ಉಸಿರಿಗೆ ಹೇಳುವುದೇ ಒಂದು ಪ್ರಾಣಾಯಾಮ: ಕರ್ನಾಟಕ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ ಮತ್ತು ಯೋಗ ವೃತ್ತಿನಿರತರ ನೋಂದಣಿ ಮತ್ತು ವೈದ್ಯ ವೃತ್ತಿನಿರತರ ಸಂಕೀರ್ಣ ಉಪಬಂಧಗಳ ಅಧಿನಿಯಮ. ಚಿಕಿತ್ಸೆ ನಡೆಯುವ ಕಟ್ಟಡಕ್ಕೆ ಬೇರೆ ಕಾಯ್ದೆ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ). ಪ್ರಕೃತಿ ಚಿಕಿತ್ಸೆಯ ಖಾಸಗಿ ಆಸ್ಪತ್ರೆಯೂ ಅದರಡಿ ನೋಂದಣಿಯಾಗಬೇಕು.

ತೊಡಕು ದಿಲ್ಲಿಯಲ್ಲಿದೆ. ಆಯುಷ್ ಎಂಬ ಹೆಸರಿನೊಳಗೆ ಯೋಗ ಮತ್ತು ಪ್ರಕೃತಿ ಚಿಕಿತ್ಸೆಗೆ ಜಾಗ ಕೊಟ್ಟ ಕೇಂದ್ರ, 2020ರ ಭಾರತೀಯ ವೈದ್ಯ ಪದ್ಧತಿ ಆಯೋಗದ ಕಾಯ್ದೆಯೊಳಗೆ ಕೊಡಲಿಲ್ಲ. ಆಯುರ್ವೇದ, ಯುನಾನಿ, ಸಿದ್ಧ, ಕೊನೆಗೆ ಲಡಾಖಿನ ಸೋವಾ ರಿಗ್ಪಾ ಕೂಡ ಒಳಗೆ ಬಂದವು. ಇದೊಂದು ಹೊಸಿಲಾಚೆ ಉಳಿಯಿತು. ಹೀಗಾಗಿ ಇದಕ್ಕೆ ದೇಶಕ್ಕೆಲ್ಲ ಒಂದೇ ಪಟ್ಟಿ ಎಂಬುದು ಆ ಕಾಯ್ದೆಯಿಂದ ಬರಲಿಲ್ಲ. ಉಜಿರೆಯಲ್ಲಿ ಐದೂವರೆ ವರ್ಷ ಸವೆಸಿದ ಹುಡುಗಿ, ಇಂಥ ನೋಂದಣಿಯೇ ಇಲ್ಲದ ರಾಜ್ಯಕ್ಕೆ ಮದುವೆಯಾಗಿ ಹೋದರೆ, ಹತ್ತು ದಿನದ ಶಿಬಿರದವನ ಸಾಲಿನಲ್ಲೇ ನಿಲ್ಲಬೇಕು. ಪದ್ಧತಿ ವೈಜ್ಞಾನಿಕವೋ ಅಲ್ಲವೋ ಎಂಬ ಜಗಳವನ್ನು ನಾನು ಇಲ್ಲಿ ಎತ್ತುವುದಿಲ್ಲ. ಪುರಾವೆ ಬೇಕೆನ್ನುವವರ ಪರ ನಾನು. ಆದರೆ ಜನ ಹೇಗೂ ಹೋಗುತ್ತಾರೆ, ಹೋದವರನ್ನು ಯಾರು ಮುಟ್ಟುತ್ತಾರೆ ಎಂಬುದಕ್ಕೆ ಲೆಕ್ಕವಿರಬೇಡವೇ?

ಮಾವ ಈಗಲೂ ವರ್ಷಕ್ಕೊಮ್ಮೆ ಹೋಗುತ್ತಾರೆ, ಬೇರೆ ಕಡೆಗೆ. ಒಳಗೆ ಕಾಲಿಟ್ಟವರು ಮೊದಲು ಗೋಡೆಯ ಮೇಲಿನ ಚೌಕಟ್ಟಿನ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ ನೋಂದಣಿ ಸಂಖ್ಯೆ ಓದುತ್ತಾರೆ. ಆಮೇಲೆ ಜೇಬಿನಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದು ಮೇಜಿನ ಮೇಲಿಟ್ಟು, “ಇದನ್ನೇನು ಮಾಡೋಣ?” ಅನ್ನುತ್ತಾರೆ.