ಹೊಸ ಗಿಟಾರ್‌ಗೆ ಇಎಂಐ ಹಾಕೋ ಮೊದಲು ಹಳೇದನ್ನ ಒಮ್ಮೆ ಸೆಟಪ್ ಮಾಡಿಸಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರದ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ಮೆಸೇಜ್‌ನಿಂದ. ದಾವಣಗೆರೆಯ ಒಬ್ಬ ಕೇಳುಗರು ಕಳಿಸಿದ್ದು. ಕೆಲಸಕ್ಕೆ ಸೇರಿ ಐದು ತಿಂಗಳಾಗಿದೆಯಂತೆ. "ಅಣ್ಣ, ನನ್ನ ಹತ್ರ ಹತ್ತು ಸಾವಿರದ ಎಲೆಕ್ಟ್ರಿಕ್ ಗಿಟಾರ್ ಇದೆ. ಎಷ್ಟು ನುಡಿಸಿದ್ರೂ ಚೆನ್ನಾಗಿ ಕೇಳಿಸ್ತಿಲ್ಲ. ಬೆರಳು ಬೇರೆ ನೋಯುತ್ತೆ. 75,000 ರೂಪಾಯಿದು ಒಂದು ನೋಡಿದ್ದೀನಿ, ಇಎಂಐ ಸಿಗುತ್ತೆ. ತಗೊಳ್ಳಲಾ?"

ಈ ಮೆಸೇಜ್‌ನ ನಾನು ಮೂರು ಸಲ ಕೇಳಿದೆ. ಯಾಕಂದ್ರೆ ಇದೇ ಪ್ರಶ್ನೆಗೆ ನಾಲ್ಕು ವರ್ಷದ ಹಿಂದೆ ನಾನೇ "ಹ್ಞೂಂ, ತಗೋ" ಅಂತ ನನಗೆ ನಾನೇ ಉತ್ತರ ಕೊಟ್ಟುಕೊಂಡಿದ್ದೆ. ಅದರ ಲೆಕ್ಕ ಇವತ್ತು ನಿಮ್ಮ ಮುಂದೆ ಇಡ್ತೀನಿ. ನಾನು ಬಿಕಾಂ ಓದಿದವನು, ಸಂಗೀತದ ಪಂಡಿತ ಅಲ್ಲ. ಗಿಟಾರ್ ನನಗೆ ಭಾನುವಾರದ ಖುಷಿ ಅಷ್ಟೇ. ಈ ಸಂಚಿಕೆಗೆ ಯಾವ ಕಂಪನಿಯ ದುಡ್ಡೂ ಇಲ್ಲ.

ಬಿಕಾಂ ಎರಡನೇ ವರ್ಷದಲ್ಲಿ ಮೊದಲ ಗಿಟಾರ್ ತಗೊಂಡೆ. 9,500 ರೂಪಾಯಿ. ಜೊತೆಗೆ ಹತ್ತು ವ್ಯಾಟ್‌ನ ಒಂದು ಪುಟ್ಟ ಆಂಪ್. ಮೊದಲ ತಿಂಗಳು ಹಬ್ಬ. ಆಮೇಲೆ ಎಫ್ ಕಾರ್ಡ್ ಬಂತು. ತೋರುಬೆರಳಲ್ಲಿ ಆರೂ ತಂತಿ ಒತ್ತಿ ಹಿಡೀಬೇಕು. ನನ್ನ ಕೈಯಲ್ಲಿ ನಾಲ್ಕು ತಂತಿ ಸತ್ತು ಹೋಗ್ತಿತ್ತು, ಎರಡು ಝುಯ್ ಅಂತಿತ್ತು. ಎಂಟು ತಿಂಗಳು ಹೆಣಗಾಡಿದೆ. ಕೊನೆಗೆ "ನನ್ನ ಕೈಗೆ ಇದು ಹೇಳಿದ್ದಲ್ಲ" ಅಂತ ತೀರ್ಮಾನ ಮಾಡಿ ಅಟ್ಟದ ಮೇಲೆ ಇಟ್ಟೆ. ನಾಲ್ಕು ವರ್ಷ ಮುಟ್ಟಲಿಲ್ಲ.

ಸಂಬಳ ಬರೋಕೆ ಶುರುವಾದ ಮೇಲೆ ಆಸೆ ಮತ್ತೆ ತಲೆ ಎತ್ತಿತು. ಈ ಸಲ ತಪ್ಪು ನನ್ನದಲ್ಲ, ಅಗ್ಗದ ಗಿಟಾರ್‌ದು ಅಂದುಕೊಂಡೆ. 68,000 ರೂಪಾಯಿದು ತಗೊಂಡೆ. ಬಡ್ಡಿ, ಪ್ರೊಸೆಸಿಂಗ್ ಫೀ ಎಲ್ಲ ಸೇರಿ ಸುಮಾರು 74,000. ಮನೆಗೆ ಬಂತು, ಎತ್ತಿಕೊಂಡೆ, ಎಫ್ ಕಾರ್ಡ್ ಹಿಡಿದೆ. ಬಂತು! ನೋಡಿ, ಬ್ರ್ಯಾಂಡ್ ಅಂದ್ರೆ ಇದು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಆದರೆ ಆಂಪ್‌ಗೆ ಹಾಕಿ ಡಿಸ್ಟಾರ್ಷನ್ ಕೊಟ್ಟರೆ ಅದೇ ಹಳೇ ಸೌಂಡ್. ಡಬ್ಬಿಯೊಳಗೆ ಜೇನುಹುಳ ಬಿಟ್ಟ ಹಾಗೆ. ದುಡ್ಡು ಕೊಟ್ಟ ಮೇಲೆ "ಚೆನ್ನಾಗಿಲ್ಲ" ಅಂತ ಒಪ್ಪಿಕೊಳ್ಳೋದು ಕಷ್ಟ, ಅಲ್ವಾ? ಹಾಗಾಗಿ ಸುಮ್ಮನಿದ್ದೆ.

ಹಳೇ ಗಿಟಾರ್‌ನ ಮೈಸೂರಲ್ಲಿರೋ ಚಿಕ್ಕಪ್ಪನ ಮಗಳಿಗೆ ಕೊಟ್ಟೆ. ಆಗ ಅವಳಿಗೆ ಹದಿನಾಲ್ಕು. ಎರಡು ತಿಂಗಳು ಬಿಟ್ಟು ಹೋದಾಗ ಅವಳು ಗಿಟಾರ್ ವಾಪಸ್ ತಂದು ಕೊಟ್ಟಳು. "ಅಣ್ಣ, ನನ್ನ ಕೈಯಲ್ಲಿ ಆಗಲ್ಲ ಅನ್ಸುತ್ತೆ." ನಾನು ದೊಡ್ಡ ಅನುಭವಸ್ಥನ ಹಾಗೆ, "ಪರವಾಗಿಲ್ಲ ಬಿಡು, ಎಲ್ಲರಿಗೂ ಬರಲ್ಲ" ಅಂದೆ.

ಪಕ್ಕದಲ್ಲಿ ಅಜ್ಜಿ ಕೂತಿದ್ದರು. ಅಜ್ಜಿ ನಲವತ್ತು ವರ್ಷ ವೀಣೆ ನುಡಿಸಿದವರು. ಗಿಟಾರ್‌ನ ತೊಡೆ ಮೇಲೆ ಇಟ್ಟುಕೊಂಡು ಒಂದು ತಂತಿ ಒತ್ತಿ ನೋಡಿದರು. "ಅವಳ ಬೆರಳಿನ ದೋಷ ಅಂತ ಹೇಗೆ ಹೇಳ್ತೀಯೋ? ತಂತಿ ಇಷ್ಟು ಎತ್ತರ ಇದ್ರೆ ಯಾರ ಕೈಗೆ ಬರುತ್ತೆ? ಮೊದಲು ಮೇಳ ಸರಿ ಮಾಡಿಸೋ."

ವೀಣೆ ಇರೋ ಮನೆಯವರಿಗೆ ಇದು ಗೊತ್ತಿರುತ್ತೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಬಿಸಿಲಿಗೆ, ವಯಸ್ಸಿಗೆ ಆ ಮೇಣ ಜರುಗುತ್ತೆ. ಸ್ವರ ಸ್ಥಾನ ತಪ್ಪುತ್ತೆ. ಆಗ ಗೊತ್ತಿರೋರನ್ನ ಕರೆಸಿ ಮತ್ತೆ ಮೇಳ ಕಟ್ಟಿಸ್ತಾರೆ. ಯಾರೂ ವೀಣೆ ಎಸೆದು ಹೊಸದು ತರಲ್ಲ, ನನಗೆ ಪ್ರತಿಭೆ ಇಲ್ಲ ಅಂತ ಅಳೋದೂ ಇಲ್ಲ. ಅದೇ ಮನೆಯಲ್ಲಿ ಬೆಳೆದ ನನಗೆ ಗಿಟಾರ್‌ಗೂ ಇಂಥದ್ದೊಂದು ಇರಬಹುದು ಅಂತ ಹೊಳೆದೇ ಇರಲಿಲ್ಲ.

ಗಿಟಾರ್ ಬೆಂಗಳೂರಿಗೆ ತಂದೆ. ಒಂದು ಚಿಕ್ಕ ರೂಮಲ್ಲಿ ರಿಪೇರಿ ಮಾಡೋ ಒಬ್ಬರಿದ್ದಾರೆ, ಅವರಿಗೆ ಕೊಟ್ಟೆ. ಹನ್ನೆರಡನೇ ಫ್ರೆಟ್ ಹತ್ರ ಅಳೆದರು. ತೆಳ್ಳನೆಯ ತಂತಿ ಫ್ರೆಟ್‌ನಿಂದ ಸುಮಾರು ಒಂದೂವರೆ ಮಿಲಿಮೀಟರ್ ಮೇಲಿರಬೇಕು, ಇದರಲ್ಲಿ ಮೂರರ ಹತ್ತಿರ ಇತ್ತು. ತಂತಿಗಳು ತಲೆ ಕಡೆ ಕೂರುವ ನಟ್‌ನಲ್ಲಿ ಗಾಡಿಗಳನ್ನ ಪೂರ್ತಿ ಆಳಕ್ಕೆ ಕೊರೆದೇ ಇರಲಿಲ್ಲ. ನೆಕ್ ಮುಂದಕ್ಕೆ ಬಾಗಿತ್ತು. ಫ್ರೆಟ್‌ಗಳ ಅಂಚು ಚೂಪಾಗಿ ಕೈಗೆ ತರಚುತ್ತಿತ್ತು. ಎರಡು ಗಂಟೆ ಕೆಲಸ, ಹೊಸ ತಂತಿ ಸೇರಿ 1,800 ರೂಪಾಯಿ. ಅಲ್ಲೇ ನಿಂತು ಎಫ್ ಕಾರ್ಡ್ ಹಿಡಿದೆ. ಆರೂ ತಂತಿ ನುಡಿದವು. ಖುಷಿ ಆಗಬೇಕಿತ್ತು. ಆದ್ರೆ ಮೊದಲು ಬಂದಿದ್ದು ಹೊಟ್ಟೆ ಉರಿ. ನಾಲ್ಕು ವರ್ಷ ನಾನು ನುಡಿಸದೆ ಕೂತಿದ್ದು 1,800 ರೂಪಾಯಿ ಕೆಲಸಕ್ಕಾ ಅಂತ.

ಈಗ ಇದರ ಹಿಂದಿರೋ ವ್ಯವಹಾರ ನೋಡೋಣ. ಲಿಯೋ ಫೆಂಡರ್ ಹೆಸರು ಕೇಳಿರ್ತೀರಿ. ಟೆಲಿಕಾಸ್ಟರ್, 1954ರ ಸ್ಟ್ರಾಟೋಕಾಸ್ಟರ್, ಎರಡೂ ಅವರ ಕಂಪನಿಯಿಂದ ಬಂದವು. ನನಗೆ ಖುಷಿ ಕೊಡೋ ವಿಷಯ ಏನಂದ್ರೆ ಮನುಷ್ಯ ಓದಿದ್ದು ಅಕೌಂಟಿಂಗ್! ಲೆಕ್ಕ ಬರೆಯೋ ಕೆಲಸ ಮಾಡಿ, ಆಮೇಲೆ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಅವರಿಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ. ಅವರು ನೆಕ್‌ನ ಅಂಟು ಹಾಕಿ ಕೂರಿಸದೆ ಸ್ಕ್ರೂ ಹಾಕಿ ಬಿಗಿದರು. ಕಾರ್ಖಾನೆಯಲ್ಲಿ ಬೇಗ ಜೋಡಿಸಬಹುದು, ಹಾಳಾದರೆ ಬಿಚ್ಚಿ ಬೇರೆ ಹಾಕಬಹುದು. ಅಂದ್ರೆ ಎಲೆಕ್ಟ್ರಿಕ್ ಗಿಟಾರ್ ಹುಟ್ಟಿನಿಂದಲೇ ಬಿಚ್ಚಿ, ಸರಿ ಮಾಡಿ, ಬಳಸೋ ವಸ್ತು.

ಇವತ್ತು ಕಂಪ್ಯೂಟರ್ ಹೇಳಿದ ಹಾಗೆ ಕೊರೆಯೋ ಸಿಎನ್‌ಸಿ ಮಷಿನ್‌ಗಳಿವೆ. ಅಗ್ಗದ ಗಿಟಾರ್‌ನ ಮರವನ್ನೂ ಅವು ಸರಿಯಾದ ಅಳತೆಗೆ ಕತ್ತರಿಸುತ್ತವೆ. ಹಾಗಾದ್ರೆ ಕಂಪನಿ ಖರ್ಚು ಉಳಿಸೋದು ಎಲ್ಲಿ? ಬಹಳಷ್ಟು ಕೊನೆಯ ಹಂತದಲ್ಲಿ, ಮನುಷ್ಯರ ಕೈ ಕೆಲಸದಲ್ಲಿ. ಫ್ರೆಟ್ ಅಂಚು ಉಜ್ಜೋದು, ನಟ್ ಕೊರೆಯೋದು, ಒಂದೊಂದನ್ನೂ ಕೂತು ಸರಿ ಹೊಂದಿಸೋದು. ಇದಕ್ಕೆ ಸಮಯ ಬೇಕು, ಸಮಯ ಅಂದ್ರೆ ಕೂಲಿ. ಆದ್ದರಿಂದ ನಿಮ್ಮ ಹತ್ತು ಸಾವಿರದ ಗಿಟಾರ್‌ನ ಕೆಲಸ ಪೂರ್ತಿ ಮುಗಿದಿಲ್ಲ ಅಂತ ತಿಳ್ಕೊಳ್ಳಿ. ಉಳಿದ ಕೆಲಸ ನೀವು ಇಲ್ಲಿ ಮಾಡಿಸಬೇಕು.

ಇದು ಕೈ ನೋವಿನ ಕಥೆ ಆಯ್ತು. ಎರಡನೇ ತಕರಾರು ಕಿವಿಗೆ ಸಂಬಂಧಿಸಿದ್ದು. ಸೌಂಡ್ ಚೆನ್ನಾಗಿಲ್ಲ ಅಂದ ತಕ್ಷಣ ನಾವೆಲ್ಲ ಗಿಟಾರ್‌ನ ಬೈತೀವಿ. ಗಿಟಾರ್ ಮಾಡೋದೇನು? ಪಿಕಪ್ ಅಂದ್ರೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಾಡಿದರೆ ಒಂದು ಸಣ್ಣ ವಿದ್ಯುತ್ ಸಿಗ್ನಲ್ ಹುಟ್ಟುತ್ತೆ. ಅಷ್ಟೇ. ಅದನ್ನ ನಮ್ಮ ಕಿವಿಗೆ ಮುಟ್ಟಿಸೋದು ಆಂಪ್ ಮತ್ತು ಸ್ಪೀಕರ್.

ಗಿಟಾರ್ ಸ್ಪೀಕರ್‌ಗೆ ಒಂದು ವಿಶೇಷ ಗುಣ ಇದೆ. ಸುಮಾರು 5,000 ಹರ್ಟ್ಸ್ ಮೇಲಿನ ಕೀರಲು ಸದ್ದನ್ನ ಅದು ಬಹಳ ಮಟ್ಟಿಗೆ ತಡೆದುಬಿಡುತ್ತೆ. ಡಿಸ್ಟಾರ್ಷನ್ ಹಾಕಿದಾಗ ಹುಟ್ಟೋ ಕರ್ಕಶ ಅಲ್ಲಿ ಸೋಸಿ ಹೋಗುತ್ತೆ. ಅದೇ ಗಿಟಾರ್‌ನ ಡಿಸ್ಟಾರ್ಷನ್ ಪೆಡಲ್ ಮೂಲಕ ನೇರವಾಗಿ ಹೋಮ್ ಥಿಯೇಟರ್‌ಗೆ ಹಾಕಿ ನೋಡಿ, ಕಿವಿ ಮುಚ್ಚಿಕೊಳ್ತೀರಿ. ನನ್ನ ಪುಟ್ಟ ಆಂಪ್‌ನಲ್ಲಿ ಅಂಗೈ ಅಗಲದ ಸ್ಪೀಕರ್ ಇತ್ತು. ಅದಕ್ಕೆ ಗೇನ್ ಪೂರ್ತಿ ತಿರುಗಿಸಿಟ್ಟು 68,000ದ ಗಿಟಾರ್ ಚುಚ್ಚಿದ್ದೆ. ಜೇನುಹುಳ ಇನ್ನೆಲ್ಲಿ ಹೋಗುತ್ತೆ?

ಆಂಪ್ ತಗೊಳ್ಳುವಾಗ ವ್ಯಾಟ್ ನೋಡಿ ಮೋಸ ಹೋಗಬೇಡಿ. ನೂರು ವ್ಯಾಟ್ ಅಂದ್ರೆ ಐವತ್ತರ ಎರಡರಷ್ಟು ಜೋರು ಅಲ್ಲ. ವ್ಯಾಟ್ ದುಪ್ಪಟ್ಟಾದರೆ ಹೆಚ್ಚೋದು ಮೂರು ಡೆಸಿಬೆಲ್. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ಪವರ್ ಬೇಕು. ಬಾಡಿಗೆ ಮನೆ, ಪಕ್ಕದಲ್ಲೇ ಓನರ್ ಇರೋ ನಮ್ಮಂಥವರಿಗೆ ವ್ಯಾಟ್‌ಗಿಂತ ಸ್ಪೀಕರ್ ಮುಖ್ಯ. ರಾತ್ರಿ ಹೆಡ್‌ಫೋನ್ ಹಾಕಿ ಫೋನ್ ಆಪ್‌ನಲ್ಲಿ ನುಡಿಸ್ತೀರಾ? ಅದರಲ್ಲಿ "ಕ್ಯಾಬ್" ಅಂತ ಒಂದು ಸೆಟ್ಟಿಂಗ್ ಇರುತ್ತೆ, ಆನ್ ಮಾಡಿ. ಅದು ಗಿಟಾರ್ ಸ್ಪೀಕರ್ ಇದ್ದ ಹಾಗೆ ಸದ್ದನ್ನ ಸೋಸುತ್ತೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

"ಮರ ಮುಖ್ಯ ಅಲ್ವಾ? ದುಬಾರಿ ಮರಕ್ಕೆ ಬೇರೆ ನಾದ ಇರುತ್ತೆ" ಅಂತ ಕೆಲವರು ವಾದ ಮಾಡ್ತಾರೆ. ಜಿಮ್ ಲಿಲ್ ಅಂತ ಅಮೆರಿಕದ ನ್ಯಾಶ್ವಿಲ್‌ನ ಗಿಟಾರ್ ವಾದಕರೊಬ್ಬರು ಯೂಟ್ಯೂಬ್‌ನಲ್ಲಿ ಎರಡು ಬೆಂಚುಗಳ ನಡುವೆ ತಂತಿ ಕಟ್ಟಿ, ಕೆಳಗೆ ಪಿಕಪ್ ಇಟ್ಟು ನುಡಿಸಿ ತೋರಿಸಿದ್ದಾರೆ. ಗಿಟಾರ್‌ನ ಮೈಯೇ ಇಲ್ಲ! ಕಣ್ಣು ಮುಚ್ಚಿ ಕೇಳಿ ನೋಡಿ. ಇನ್ನೊಂದು ಉದಾಹರಣೆ ಪಿಟೀಲಿನದು. 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ಜನ ಅನುಭವಿ ವಾದಕರಿಗೆ ಏನೂ ಕಾಣದ ಹಾಗೆ ಕನ್ನಡಕ ಹಾಕಿ, ಸ್ಟ್ರಾಡಿವೇರಿಯಸ್‌ನಂಥ ಹಳೆಯ ಮೂರು, ಹೊಸ ಮೂರು ಪಿಟೀಲು ಕೊಟ್ಟರು. ಹೆಚ್ಚಿನವರು ಇಷ್ಟಪಟ್ಟಿದ್ದು ಹೊಸದನ್ನ. ಯಾವುದು ಹಳೇದು ಅಂತಲೂ ಬಹಳ ಜನಕ್ಕೆ ಹೇಳಲಾಗಲಿಲ್ಲ. ಪಿಟೀಲು ಬೇರೆ, ಎಲೆಕ್ಟ್ರಿಕ್ ಗಿಟಾರ್ ಬೇರೆ, ಒಪ್ತೀನಿ. ಆದರೆ ಬೆಲೆ ಚೀಟಿ ನೋಡಿದ ಮೇಲೆ ನಮ್ಮ ಕಿವಿ ನಮ್ಮ ಮಾತು ಕೇಳಲ್ಲ ಅನ್ನೋದು ಎರಡಕ್ಕೂ ಒಂದೇ.

ಹಾಗಂತ ದುಬಾರಿ ಗಿಟಾರ್ ಎಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. ಒಳ್ಳೆ ಟ್ಯೂನಿಂಗ್ ಕೀ, ಕರಕರ ಅನ್ನದ ಸ್ವಿಚ್ಚು, ನುಣುಪಾದ ಫ್ರೆಟ್, ಇವಕ್ಕೆ ಬೆಲೆ ಇದೆ. ವಾರಕ್ಕೆ ಮೂರು ಶೋ ಮಾಡೋರಿಗೆ ಅದು ಬೇಕು. ನೋಡಿದ ಕೂಡಲೇ ಎತ್ತಿಕೊಂಡು ನುಡಿಸಬೇಕು ಅನ್ನಿಸೋ ಗಿಟಾರ್ ಇದ್ದರೆ ಅಭ್ಯಾಸ ಜಾಸ್ತಿ ಆಗುತ್ತೆ, ಅದೂ ನಿಜ. ನನ್ನ ತಕರಾರು ಒಂದೇ: ಸಮಸ್ಯೆ ಎಲ್ಲಿದೆ ಅಂತ ಗೊತ್ತಾಗದೆ ಸಾಲ ಮಾಡಬೇಡಿ.

ದಾವಣಗೆರೆಯ ಗೆಳೆಯರೇ, ಇವತ್ತು ಸಂಜೆ ಮೂರು ಪರೀಕ್ಷೆ ಮಾಡಿ.

ಒಂದು, ಯಾವುದಾದರೂ ತಂತಿಯನ್ನ ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಕಂಡೂ ಕಾಣದಷ್ಟು ಇರಬೇಕು. ಎದ್ದು ಕಾಣುತ್ತಿದ್ದರೆ ನಟ್ ಎತ್ತರ ಇದೆ, ನಿಮ್ಮ ಬೆರಳಿನ ತಪ್ಪಲ್ಲ.

ಎರಡು, ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನ ಮುಟ್ಟಿಯೂ ಮುಟ್ಟದ ಹಾಗೆ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಟ್ಯೂನರ್‌ನಲ್ಲಿ ಎರಡೂ ಒಂದೇ ತೋರಿಸಬೇಕು. ಇಲ್ಲಾಂದ್ರೆ ಬ್ರಿಡ್ಜ್‌ನಲ್ಲಿ ಸರಿ ಮಾಡಿಸಬೇಕು. ಇದನ್ನ ಹೊಸ ತಂತಿ ಹಾಕಿ ನೋಡಿ, ಹಳೇ ತಂತಿ ಸುಳ್ಳು ಹೇಳುತ್ತೆ.

ಮೂರು, ನಿಮ್ಮ ಗಿಟಾರ್ ಎತ್ತಿಕೊಂಡು ಹೋಗಿ ಸ್ನೇಹಿತರದ್ದೋ ಜಾಮ್ ರೂಮಿನದ್ದೋ ಹನ್ನೆರಡು ಇಂಚಿನ ಸ್ಪೀಕರ್ ಇರೋ ಆಂಪ್‌ಗೆ ಚುಚ್ಚಿ. ಗೇನ್ ಅರ್ಧಕ್ಕಿಂತ ಕಡಿಮೆ ಇಡಿ. ಎರಡು ಗಿಟಾರ್ ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಇರಲಿ. ಸ್ವಲ್ಪ ಜೋರಾಗಿರೋದು ಯಾವಾಗಲೂ ಒಳ್ಳೇದು ಅನ್ನಿಸುತ್ತೆ, ಅಂಗಡಿಯಲ್ಲಿ ಅಲ್ಲೇ ನಾವು ಬೀಳೋದು.

ಈ ಮೂರೂ ಆದ ಮೇಲೆ ಸೆಟಪ್‌ಗೆ ಕೊಡಿ. ಜೊತೆಗೆ 9–42ರ ತೆಳು ತಂತಿ ಹಾಕಿಸಿ, ಬೆರಳಿಗೆ ಹಗುರ. ಆಮೇಲೆ ದುಡ್ಡು ಇದ್ದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಒಳ್ಳೆ ಆಂಪ್. ಆರು ತಿಂಗಳು ನುಡಿಸಿ. ಆಗಲೂ ಆ 75,000ದ ಗಿಟಾರ್ ಕನಸಲ್ಲಿ ಬಂದರೆ, ತಿಂಗಳು ತಿಂಗಳು ಎತ್ತಿಟ್ಟು ತಗೊಳ್ಳಿ. ಬ್ಯಾಂಕಿಗೆ ಕೊಡೋ ಬಡ್ಡಿಯಲ್ಲಿ ನಾಲ್ಕು ಸೆಟಪ್ ಬರುತ್ತೆ.

ನನ್ನ ಲೆಕ್ಕ ಮುಗಿಸಿಬಿಡ್ತೀನಿ. ಒಟ್ಟು 74,000 ಬಿದ್ದ ಗಿಟಾರ್‌ನ ಎರಡು ವರ್ಷ ಆದ ಮೇಲೆ 45,000ಕ್ಕೆ ಮಾರಿದೆ. ನಷ್ಟ 29,000. ಆ ದುಡ್ಡಲ್ಲಿ ಸ್ವಲ್ಪ ತೆಗೆದು ಹಳೇ ಆಂಪ್ ಒಂದು ತಗೊಂಡೆ, ಹನ್ನೆರಡು ಇಂಚಿನ ಸ್ಪೀಕರ್. ಇನ್ನೊಂದು ಅಗ್ಗದ ಗಿಟಾರ್ ತಗೊಂಡು ಮೊದಲ ದಿನವೇ ಸೆಟಪ್ ಮಾಡಿಸಿದೆ. ನಾಲ್ಕು ವರ್ಷ ನುಡಿಸದೇ ಇದ್ದಿದ್ದನ್ನ ಯಾವ ಕಾಲಂನಲ್ಲಿ ಬರೀಬೇಕೋ ಗೊತ್ತಿಲ್ಲ.

ಆ 9,500ರ ಗಿಟಾರ್ ಮೈಸೂರಿಗೆ ವಾಪಸ್ ಹೋಯ್ತು. ತಂಗಿ ಈಗ ಪಿಯುಸಿ. ಹೋದ ತಿಂಗಳು ಫೋನ್ ಮಾಡಿದಾಗ "ಅಣ್ಣ, ಒಂದ್ನಿಮಿಷ ಇರು" ಅಂತ ಫೋನ್ ಕೆಳಗಿಟ್ಟು ಏನೋ ನುಡಿಸಿದಳು. ಎಫ್ ಕಾರ್ಡ್ ಸಲೀಸಾಗಿ ಬಂತು. ಹಿಂದೆ ಅಜ್ಜಿ "ಶ್ರುತಿ ಒಂಚೂರು ಇಳಿದಿದೆ ನೋಡೇ" ಅಂತಿದ್ದರು.

ನಿಮ್ಮ ಮನೆ ಅಟ್ಟದ ಮೇಲೂ ಒಂದು ಗಿಟಾರ್ ಇದ್ದರೆ ಈ ವಾರ ಕೆಳಗಿಳಿಸಿ. ಮೂರನೇ ಫ್ರೆಟ್ ಒತ್ತಿ ನೋಡಿ, ಏನು ಕಂಡಿತು ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.