ತಪ್ಪಿದ ವಚನಕ್ಕೆ ಹೊಣೆ ಯಾರು?

(ಅಪ್ಸರಕೊಂಡದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸೊಸೈಟಿಯಲ್ಲಿ ಬೆಳೆಸಾಲ ಪಡೆಯುವ ರೈತನು ಪಹಣಿ ಕೊಡಬೇಕು, ಜಾಮೀನು ಒದಗಿಸಬೇಕು. ಕೊಳೆರೋಗಕ್ಕೆ ಅಡಿಕೆಯೆಲ್ಲ ಉದುರಿದರೂ ಗಡುವು ಮೀರಿದರೆ ಬಡ್ಡಿ ತೆರಬೇಕು. ಆದರೆ ಜಗತ್ತಿಗೇ ವಚನವಿತ್ತ ತಂತ್ರಜ್ಞಾನೋದ್ಯಮದ ಧುರೀಣರಿಗೆ ಇಂತಹ ಕಟ್ಟುಪಾಡಿಲ್ಲ.

2030ರ ವೇಳೆಗೆ ತಾನು ಹೊರಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ವಾತಾವರಣದಿಂದ ಹಿಂತೆಗೆಯುವುದಾಗಿ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಘೋಷಿಸಿತು. ಅದರ ಮುಖ್ಯಸ್ಥ ಸತ್ಯ ನಾದೆಲ್ಲಾ ಇದೇ ಕರಾವಳಿಯ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು. 2024ರಲ್ಲಿ ಸಂಸ್ಥೆಯೇ ಪ್ರಕಟಿಸಿದ ವರದಿಯಂತೆ ಅದರ ಹೊರಸೂಸುವಿಕೆ 2020ಕ್ಕಿಂತ ಶೇ. 29ರಷ್ಟು ಏರಿತ್ತು. 2030ಕ್ಕೆ ನಿವ್ವಳ ಶೂನ್ಯದ ಗುರಿ ಸಾರಿದ ಗೂಗಲ್‌ನ 2024ರ ವರದಿಯಲ್ಲಿ, 2023ರ ಹೊರಸೂಸುವಿಕೆ 2019ಕ್ಕಿಂತ ಶೇ. 48ರಷ್ಟು ಅಧಿಕವಾಗಿತ್ತು.

ಕಾರಣ ನಿಗೂಢವಲ್ಲ. ಕೃತಕ ಬುದ್ಧಿಮತ್ತೆಗೆ ಹಗಲಿರುಳು ವಿದ್ಯುತ್ ಹೀರುವ ದತ್ತಾಂಶ ಕೇಂದ್ರಗಳು ಬೇಕು. ಅವುಗಳಿಗೆ ಸಿಮೆಂಟು, ಉಕ್ಕು, ಚಿಪ್ಪುಗಳು ಬೇಕು. ಲೆಕ್ಕದಲ್ಲಿಯೂ ಒಂದು ಚಮತ್ಕಾರವಿದೆ. ಕಲ್ಲಿದ್ದಲಿನ ವಿದ್ಯುತ್ತನ್ನೇ ಬಳಸಿ, ಬೇರೆಡೆಯ ಗಾಳಿಯಂತ್ರದ ಪ್ರಮಾಣಪತ್ರ ಖರೀದಿಸಿದರೆ, ಕಾಗದದ ಮೇಲೆ ಆ ಹೊಗೆ ಮಾಯವಾಗುತ್ತದೆ. ಅಂಕಿಗಳನ್ನು ಸ್ವತಃ ಬಹಿರಂಗಪಡಿಸಿದ್ದು ಈ ಸಂಸ್ಥೆಗಳ ಹೆಗ್ಗಳಿಕೆಯೇ ಸರಿ. ಆದರೆ ವಚನ ಸ್ವಯಂಪ್ರೇರಿತವಾದ್ದರಿಂದ ಮುರಿದರೆ ದಂಡವಿಲ್ಲ. ಭಾರತದಲ್ಲಿಯೂ 2022–23ರಿಂದ ಷೇರುಪೇಟೆಯ ಅಗ್ರ 1000 ಕಂಪನಿಗಳು ಪರಿಸರದ ಲೆಕ್ಕ ಕೊಡುವುದು ಕಡ್ಡಾಯ. ತಾವೇ ಸಾರಿದ ಗುರಿ ತಲುಪುವುದು ಕಡ್ಡಾಯವಲ್ಲ.

ಇದು ದೂರದ ಸುದ್ದಿಯಲ್ಲ. ವಿದ್ಯುತ್ತಿನ ಹಸಿವು ಏರಿದಂತೆ ಅದರ ಭಾರ ಬೀಳುವುದು ನದೀ ಕಣಿವೆಗಳ ಮೇಲೆ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಿತು. ಆಗ ಮುಳುಗಡೆಯಾದವರಲ್ಲಿ ಅನೇಕ ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಈಗ ಸಿಂಗಳೀಕ ಅಭಯಾರಣ್ಯದೊಳಗೆ 2000 ಮೆಗಾವಾಟ್‌ನ ಭೂಗತ ಜಲವಿದ್ಯುತ್ ಯೋಜನೆಯ ಪ್ರಸ್ತಾಪವಿದೆ. ತಲಕಳಲೆಯಿಂದ ಗೇರುಸೊಪ್ಪೆಗೆ ನೀರಿಳಿಸಿ, ಮತ್ತೆ ಮೇಲೆತ್ತುವ ಈ ಯೋಜನೆಯು ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ.

ಆದ್ದರಿಂದ ಹಸಿರು ಘೋಷಣೆ ಕೇಳಿದಾಗಲೆಲ್ಲ ಮೂರು ಪ್ರಶ್ನೆಗಳಿರಲಿ. ಯಾವ ವರ್ಷಕ್ಕೆ ಹೋಲಿಸಿ ಎಷ್ಟು ಇಳಿಕೆ? ಅದು ನಿಜವಾದ ಇಳಿಕೆಯೋ, ಖರೀದಿಸಿದ ಪತ್ರವೋ? ತಪ್ಪಿದರೆ ತೆರುವವರು ಯಾರು? ಮೂರನೆಯ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಬರೆಯಿಸುವುದೇ ಮುಂದಿನ ಕೆಲಸ. ರೈತನ ಸಾಲಪತ್ರಕ್ಕಿರುವಷ್ಟು ಬಿಗಿ ಉದ್ಯಮಪತಿಯ ವಚನಕ್ಕೂ ಇರಬೇಕು.