ಅಂಗ, ಆಹಾರ ಮತ್ತು ಅಭಿಮಾನ



ಲಿಂಗಧಾರಿಗೆ ದೇಹವು ತುಚ್ಛವಲ್ಲ. ಇಷ್ಟಲಿಂಗಕ್ಕೆ ಈ ಅಂಗವೇ ಪೀಠ. ಕಾಯಕ, ದಾಸೋಹಗಳೆರಡೂ ಈ ಕಾಯದಿಂದಲೇ ನಡೆಯತಕ್ಕವು. ಹಳ್ಳಿಹಳ್ಳಿಗಳಲ್ಲಿ ಹಿರಿಯರು ಗರಡಿಮನೆಗಳನ್ನು ಕಟ್ಟಿಸಿದ್ದು ಇದಕ್ಕಾಗಿಯೇ. ಆದರೆ ವ್ಯಾಯಾಮಕ್ಕೂ ಮಿತಿಯುಂಟು. ಬಲವುಳ್ಳವನು, ಜಿಡ್ಡಿನ ಆಹಾರವನ್ನು ಚೆನ್ನಾಗಿ ಉಣ್ಣುವವನು ಸಹ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಮಿತಿ ಮೀರಿದವನು ಆನೆಯನ್ನೆಳೆಯಹೋದ ಸಿಂಹದಂತೆ ಅಳಿಯುವನೆಂದೂ ಎಚ್ಚರಿಸಿದ್ದಾರೆ. ಉಣ್ಣುವವನಿಗೇ ಅರ್ಧವೆಂದ ಮೇಲೆ ಉಣ್ಣದವನಿಗೆ ಎಷ್ಟು? ನೀವೇ ಲೆಕ್ಕ ಹಾಕಿರಿ.

ಇಂದು ಕೆಲವು ಮನೆಗಳಲ್ಲಿ ಏನು ನಡೆದಿದೆ? ಮಗಳು ಬೆಳಗು ಬೈಗು ಓಡುತ್ತಾಳೆ. ಒಂದು ದಿನ ಓಟ ತಪ್ಪಿದರೆ ಅಂದು ರೊಟ್ಟಿ ಮುಟ್ಟುವುದಿಲ್ಲ. ಮಗನು ತಾಯಿ ಬಡಿಸಿದ್ದನ್ನು ತೂಗಿ ನೋಡಿ ಹಿಂದಕ್ಕೆ ಸರಿಸುತ್ತಾನೆ. ಹಬ್ಬದ ಹೋಳಿಗೆ ಉಂಡರೆ ಆ ರಾತ್ರಿ ನಿದ್ದೆಗೆಟ್ಟು ದಂಡ ಹೊಡೆಯುತ್ತಾನೆ. ಗರಡಿಯ ದಂಡ ಬೇರೆ, ತಪ್ಪಿಗೆ ತೆರುವ ದಂಡ ಬೇರೆ. ಉಂಡದ್ದೇ ತಪ್ಪೆಂದು ಬಗೆದವನಿಗೆ ಗರಡಿಯೂ ಸೆರೆಮನೆಯಾಗುತ್ತದೆ.

ಇದರ ಉಗ್ರರೂಪವು ಒಂದು ರೋಗವೇ ಸರಿ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಎಂಬಾತ ಅದಕ್ಕೆ ಅನೊರೆಕ್ಸಿಯ ನರ್ವೋಸಾ ಎಂದು ಹೆಸರಿಟ್ಟ. ಅಷ್ಟೊಂದು ಸೊರಗಿದ ದೇಹಕ್ಕೆ ಅಷ್ಟೊಂದು ಓಡಾಟ ಹೇಗೆ ಸಾಧ್ಯವೆಂದು ಅಂದೇ ಆತ ಬೆರಗಾಗಿದ್ದ.

ಈ ಕಟ್ಟಿನೊಳಗೆ ದೇಹಾಭಿಮಾನವಿದೆ. ದೇಹವನ್ನು ಮೆರೆಸುವುದಷ್ಟೇ ದೇಹಾಭಿಮಾನವೆಂದು ತಿಳಿಯಬೇಡಿ. ಅದನ್ನು ದ್ವೇಷಿಸುವುದೂ ದೇಹಾಭಿಮಾನವೇ. ‘ನಾನು ಓಡುವವಳು’, ‘ನಾನು ಇಷ್ಟು ಕಿಲೋದವನು’ ಎಂಬುದೇ ತನ್ನ ಗುರುತಾದಾಗ, ಒಂದು ತುತ್ತು ಹೆಚ್ಚಾದರೂ ತಾನೇ ಇಲ್ಲವಾದೆನೆಂಬ ಭಯ ಹುಟ್ಟುತ್ತದೆ. ಓಟ ನಿಂತರೆ ನಾನು ಯಾರು ಎಂದು ಆ ಮಗು ಒಳಗೊಳಗೇ ಕೇಳಿಕೊಳ್ಳುತ್ತದೆ. ಮಗುವೇ, ನೀನು ಲಿಂಗಧಾರಿ. ದೀಕ್ಷೆ ಕೊಡುವಾಗ ಗುರುವು ನಿನ್ನ ತೂಕ ಕೇಳಲಿಲ್ಲ.

ತಾಯಿತಂದೆಗಳೇ, ಇದನ್ನು ಉಪವಾಸವ್ರತವೆಂದು ಹೊಗಳಬೇಡಿ. ವ್ರತಸ್ಥನ ಮನಸ್ಸು ಶಿವನಲ್ಲಿರುತ್ತದೆ; ಈ ಮಕ್ಕಳ ಮನಸ್ಸು ಹಗಲಿರುಳೂ ಅನ್ನದ ಲೆಕ್ಕದಲ್ಲಿಯೇ ಇರುತ್ತದೆ. ಹಟವೆಂದು ಬೈಯಲೂಬೇಡಿ. ದಪ್ಪ, ಸಣಕಲು ಎಂದು ಹಂಗಿಸುವ ಮಾತು ಮನೆಯಲ್ಲಿ ನಿಲ್ಲಲಿ. ತಲೆ ಸುತ್ತಿ ಬಿದ್ದರೆ, ಹುಡುಗಿಯ ಮುಟ್ಟು ನಿಂತರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅನ್ನ ಸಾಲದೆ ಮುಟ್ಟು ನಿಂತ ದೇಹದಲ್ಲಿ ಎಲುಬು ಸವೆಯುತ್ತದೆ. ಶರಣರು ಸೂತಕವನ್ನು ಒಪ್ಪಲಿಲ್ಲ. ಇದನ್ನು ಹೇಳಲು ನಮಗೂ ಸಂಕೋಚವಿಲ್ಲ, ಕೇಳಲು ನಿಮಗೂ ಬೇಡ. ಮನೋವೈದ್ಯರನ್ನು ಕಾಣುವುದಕ್ಕೂ ನಾಚಬೇಡಿ. ಮಠದ ಆಶೀರ್ವಾದ ಔಷಧದ ಜೊತೆಗೆ ಇರುತ್ತದೆ, ಅದರ ಬದಲಿಗಲ್ಲ.

ಪ್ರಸಾದವೆಂಬ ಶಬ್ದಕ್ಕೆ ಪ್ರಸನ್ನತೆಯೆಂದೇ ಅರ್ಥ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ ಅನ್ನಕ್ಕೆ ಮರುದಿನ ದಂಡ ತೆರಬೇಕಾದ ಕಾರಣವಿಲ್ಲ. ಮನೆಯ ಪಂಕ್ತಿಯಲ್ಲಿ ಆ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು ಉಣ್ಣಿರಿ. ಅದು ಉಂಡು ಏಳುವವರೆಗೆ ನೀವೂ ಏಳಬೇಡಿ. ನಿಮ್ಮ ಮಕ್ಕಳೆಲ್ಲರೂ ಪ್ರಸನ್ನಚಿತ್ತರಾಗಿ ಉಂಡು, ದುಡಿದು, ಬಾಳಲೆಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.